ಬೇಡಿ ಪಡೆದ ಬೇಟೆನಾಯಿ: ಆತಕೂರು ಶಾಸನದ ಕೊಡುಗೆಗಳನ್ನು ಕುರಿತು

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿಗೆ ಸೇರಿದ ಆತಕೂರಿನ (ಇಂದಿನ ಆತಗೂರು) ವೀರಗಲ್ಲು ಕರ್ನಾಟಕದ ಇತಿಹಾಸವನ್ನು ಅಭ್ಯಾಸ ಮಾಡಿದವರಿಗೆ ಅಪರಿಚಿತವಾದುದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ಯುವರಾಜ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧವನ್ನು ಹೇಳುವ ಸಮಕಾಲೀನ ದಾಖಲೆಯೆಂದು ಅದನ್ನು ಎಲ್ಲ ಗ್ರಂಥಗಳೂ ಉಲ್ಲೇಖಿಸುತ್ತವೆ. ಆ ಕಲ್ಲನ್ನು ನೆಡಿಸಿದುದು ಒಂದು ನಾಯಿಗಾಗಿ ಎಂಬ ಸಂಗತಿಯನ್ನೂ ಬಹುಮಟ್ಟಿಗೆ ಎಲ್ಲರೂ ಹೇಳುತ್ತಾರೆ. ಆದರೆ ಹೇಳುವ ರೀತಿ ಮಾತ್ರ ಒಂದು ಕೌತುಕವನ್ನು ಹೇಳಿ ಮುಂದೆ ಸಾಗುವವರ ರೀತಿಯಾಗಿದೆ. ಯುದ್ಧವು ಮುಖ್ಯ, ನಾಯಿಯು ಅಡಿಟಿಪ್ಪಣಿ. ಶಾಸನವನ್ನು ಬರೆಯಿಸಿದವರ ದೃಷ್ಟಿಯಲ್ಲಿ ಈ ಕ್ರಮವು ತಲೆಕೆಳಗಾಗಿತ್ತು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಕಲ್ಲಿನ ಮೇಲೆ ದಾಖಲಾಗಿರುವ ಕೊಡುಗೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಬೇಕಾಗುತ್ತದೆ. ಸಕಲವೂ ಇದ್ದ ಒಬ್ಬ ವೀರನಿಗೆ, ಅವನು ಬೇಟೆಗಾರನೂ ಆಗಿದ್ದಾಗ, ಅರಸನು ಏನನ್ನು ಕೊಡಬೇಕು ಎಂಬ ಪ್ರಶ್ನೆಗೆ ಹತ್ತನೆಯ ಶತಮಾನದ ಒಂದು ಉತ್ತರ ಇಲ್ಲಿದೆ.

ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಇದನ್ನು ಪ್ರಚಲಿತ ವರ್ಷವೆಂದು ತೆಗೆದುಕೊಂಡರೆ ಸಂವತ್ಸರದ ಹೆಸರಿಗೆ ಹೊಂದಿಕೊಂಡು ಕ್ರಿ.ಶ. 949-50 ಎಂದಾಗುತ್ತದೆ. ಈ ಕಲ್ಲನ್ನು ಜೆ.ಎಫ್. ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ ಎರಡನೆಯ ಸಂಪುಟದಲ್ಲಿ ಪ್ರಕಟಿಸಿದರು. ಆರನೆಯ ಸಂಪುಟದಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದರು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿಯೂ ಅದು ಸೇರಿದೆ. ಕಲ್ಲಿನ ಮೇಲಿರುವ ಉಬ್ಬುಶಿಲ್ಪ ಸರಳವಾದುದು: ಒಂದು ನಾಯಿ, ಒಂದು ಹಂದಿ, ಎರಡೂ ಪರಸ್ಪರ ಮೇಲೆ ಬಿದ್ದು ಹೋರಾಡುತ್ತಿವೆ. ಆನೆಯ ಮೇಲೆ ಕುಳಿತ ಚೋಳ ರಾಜಕುಮಾರನಾಗಲಿ ಅವನನ್ನು ಇರಿದ ಗಂಗ ಬೂತುಗನಾಗಲಿ ಶಿಲ್ಪದಲ್ಲಿ ಇಲ್ಲ. ರೂವಾರಿಗೆ ಯಾವುದನ್ನು ಕೆತ್ತಬೇಕೆಂದು ಹೇಳಲಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಬರಹದ ಮುಖ್ಯ ಭಾಗವು ಕನ್ನರದೇವನ (ಮೂರನೆಯ ಕೃಷ್ಣ) ಬಿರುದುಗಳಿಂದ ಆರಂಭವಾಗುತ್ತದೆ. ಅವುಗಳಲ್ಲಿ ಆನೆವೆಡೆಂಗ, ವನಗಜಮಲ್ಲ ಎಂಬವು ಸೇರಿವೆ. ಕಾಡಾನೆಗಳೊಡನೆ ಸೆಣಸುವ ಮಲ್ಲ ಎಂಬರ್ಥದ ಎರಡನೆಯ ಬಿರುದು ನಮ್ಮ ವಿಷಯಕ್ಕೆ ಸಂಬಂಧಿಸಿದುದು. ಕೊಡುವವನೂ ತನ್ನನ್ನು ಬೇಟೆಯ ಭಾಷೆಯಲ್ಲಿಯೇ ಹೊಗಳಿಸಿಕೊಳ್ಳುತ್ತಿದ್ದ. ಅನಂತರ ಬರುವವನು ಮಣಲೆರ. ಮಣಲರತ ಎಂದೂ ಈ ಹೆಸರನ್ನು ಓದಲಾಗಿದೆ. ಅವನು ಸಗರವಂಶದವನು, ವಲಭೀಪುರವರೇಶ್ವರ, ಬೂತುಗನ ಅಂಕಕಾರ. ಅಂಕಕಾರನೆಂದರೆ ಒಡೆಯನ ಪರವಾಗಿ ಎದುರು ನಿಂತು ಕಾದುವ ಆಪ್ತ ವೀರ. ಕನ್ನರದೇವನು ರಾಜಾದಿತ್ಯನ ಮೇಲೆ ಏರಿ ಹೋಗಿ ತಕ್ಕೋಲದಲ್ಲಿ ಕಾದಿ ಗೆದ್ದ ಸಂದರ್ಭದಲ್ಲಿ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಡಿಕೊಳ್ಳೆಂದು ಹೇಳಲಾಯಿತು. ಮಣಲೆರ ಬೇಡಿದುದು ಕಾಳಿ ಎಂಬ ನಾಯಿಯನ್ನು. ಅದನ್ನು ದಯಪಾಲಿಸಬೇಕೆಂದು ಕೇಳಿ ಪಡೆದನು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಈ ನಾಯಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಜೊತೆಯಾಗಿ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು.

ನಾಯಿಯನ್ನು ಕೊಟ್ಟವರು ಯಾರು ಎಂಬಲ್ಲಿಯೇ ಗ್ರಂಥಕರ್ತರಲ್ಲಿ ಭೇದವುಂಟು. ಕನ್ನರದೇವನೇ ಕೊಟ್ಟನೆಂದು ಕೆಲವರು, ಅದು ಬೂತುಗನ ಮೆಚ್ಚಿನ ನಾಯಿಯೆಂದು ಮತ್ತೆ ಕೆಲವರು ಬರೆದಿದ್ದಾರೆ. ಮಣಲೆರನು ನೇರವಾಗಿ ಬೂತುಗನ ಆಳು. ಆದುದರಿಂದ ಎರಡನೆಯ ಅಭಿಪ್ರಾಯ ಮೊದಲ ನೋಟಕ್ಕೆ ಸಹಜವಾಗಿ ತೋರುತ್ತದೆ. ಆದರೆ ಶಾಸನದ ಈ ಭಾಗದಲ್ಲಿ ಕರ್ತೃವಾಗಿ ನಿಂತಿರುವವನು ಕನ್ನರದೇವ. ಮೇಲೆ ಬಂದವನು ಅವನು, ಕಾದಿದವನು ಅವನು. ಮೆಚ್ಚಿದವನೂ ಅವನೇ ಎಂದು ಗ್ರಹಿಸುವುದು ವಾಕ್ಯಕ್ಕೆ ಹೆಚ್ಚು ಹೊಂದುತ್ತದೆ. ಬೂತುಗನು ಮಣಲೆರನಿಗೆ ಏನು ಕೊಟ್ಟನೆಂಬುದನ್ನು ಶಾಸನವು ಬೇರೆಯಾಗಿಯೇ ಹೇಳುತ್ತದೆ. ಹೀಗಾಗಿ ಕಾಳಿಯು ಚಕ್ರವರ್ತಿಯ ಕೊಡುಗೆಯೆಂದು ನಾವು ಭಾವಿಸಿದ್ದೇವೆ. ಇದು ನಿಜವಾದರೆ ಮಣಲೆರನ ಬೇಡಿಕೆಯ ತೂಕವೂ ಹೆಚ್ಚುತ್ತದೆ. ಸಾಮಂತನ ಕೈಕೆಳಗಿನ ವೀರನೊಬ್ಬನಿಗೆ ಚಕ್ರವರ್ತಿಯ ಮುಂದೆ ನಿಂತು ಕೇಳುವ ಅವಕಾಶ ಬಂದದ್ದೇ ಅಪೂರ್ವ. ಬಂದಾಗ ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ.

ಬೂತುಗನನ್ನು ಕುರಿತ ಭಾಗವು ಪ್ರತ್ಯೇಕವಾಗಿ ಕಂಡರಿಸಲ್ಪಟ್ಟಿದೆ. ಅದರಲ್ಲಿ ಎರಡು ಕೊಡುಗೆಗಳಿವೆ. ರಾಜಾದಿತ್ಯನನ್ನು ಕೊಂದುದಕ್ಕಾಗಿ ಕನ್ನರದೇವನು ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ಪ್ರಾಂತಗಳನ್ನು ಕೊಟ್ಟನು. ತನ್ನ ಮುಂದೆ ನಿಂತು ಕಾದಿದ ಮಣಲೆರನಿಗೆ ಬೂತುಗನು ಆತಕೂರು 12ನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟನು.

ಮೊದಲನೆಯದನ್ನು ಸ್ವಲ್ಪ ವಿವರವಾಗಿ ಪರಿಶೀಲಿಸಬೇಕು. ಕ್ರಿ.ಶ. 975ರ ಹೆಬ್ಬಾಳ ಶಾಸನದ ಪ್ರಕಾರ ರಾಷ್ಟ್ರಕೂಟ ರಾಜಕುಮಾರಿ ರೇವಕನಿಮ್ಮಡಿಯನ್ನು ಬೂತುಗನಿಗೆ ವಿವಾಹ ಮಾಡಿಕೊಟ್ಟಾಗ ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಇವು ಬಳುವಳಿಯಾಗಿ ಬಂದಿದ್ದವು. ಆ ವಿವಾಹ ತಕ್ಕೋಲದ ಯುದ್ಧಕ್ಕಿಂತ ಮೊದಲಿನದು. ಅಂದರೆ ಯುದ್ಧಾನಂತರ ಕೊಟ್ಟಿತೆಂದು ಆತಕೂರು ಶಾಸನ ಹೇಳುವ ಐದು ನಾಡುಗಳಲ್ಲಿ ನಾಲ್ಕು ಬೂತುಗನಿಗೆ ಮೊದಲೇ ಸಂದಿದ್ದವು. ಹೊಸತಾಗಿ ಸೇರಿದುದು ಬನವಾಸಿಯೊಂದೇ. ಈ ವಿರೋಧವನ್ನು ಹಳೆಯ ಕೊಡುಗೆಯ ದೃಢೀಕರಣವೆಂದು ಪರಿಹರಿಸಿಕೊಳ್ಳಬಹುದು. ಅದು ಸಮರ್ಪಕವೂ ಹೌದು. ಆದರೆ ಒಂದು ಮಾತನ್ನು ಗಮನಿಸದೆ ಇರಲಾಗದು. ಗಂಗವಾಡಿ 96000ವನ್ನು ಆಳುತ್ತಿದ್ದವನಿಗೆ, ರಾಚಮಲ್ಲನನ್ನು ಕೊಂದು ಪಟ್ಟವನ್ನೇರಿದವನಿಗೆ, ಚಕ್ರವರ್ತಿಯ ಮನೆಯ ಅಳಿಯನಿಗೆ ಕೊಡಬಹುದಾದ ಭೂಮಿ ಎಂದರೆ ಅವನ ಕೈಯಲ್ಲಿಯೇ ಇದ್ದ ಭೂಮಿಯಾಗಿತ್ತು. ಎಲ್ಲವೂ ಇದ್ದವನಿಗೆ ಕೊಡುವಾಗ ಅರಸುತನವು ಅವನದನ್ನೇ ಎತ್ತಿ ಅವನಿಗೇ ಕೊಡುತ್ತದೆ. ಕೊಟ್ಟವನ ಹೆಸರು ಮಾತ್ರ ಹೊಸದಾಗಿ ಬರೆಯಲ್ಪಡುತ್ತದೆ.

ಹೀಗೆ ಕೊಡುವುದು ಕೃಷ್ಣನ ಆಡಳಿತದಲ್ಲಿ ಒಂದು ನೀತಿಯೇ ಆಗಿತ್ತು. ಕ್ರಿ.ಶ. 959ರ ಕರ್ಹಾಡ ತಾಮ್ರಪಟಗಳಲ್ಲಿ ಅವನು ಮೇಲ್ಪಾಡಿಯಲ್ಲಿ ಬೀಡು ಬಿಟ್ಟಿದ್ದುದಕ್ಕೆ ಕಾರಣವನ್ನು ಹೇಳಿದೆ: ದಕ್ಷಿಣದ ಮಂಡಲಗಳಿಂದ ತನ್ನ ಆಶ್ರಿತರಿಗೆ ಜೀವಿತಗಳನ್ನು ಹಂಚುವುದು, ಮಂಡಲಾಧಿಪತಿಗಳ ಸಂಪತ್ತನ್ನು ವಶಪಡಿಸಿಕೊಳ್ಳುವುದು. ಭೂಮಿಯನ್ನು ಒಬ್ಬನಿಂದ ತೆಗೆದು ಇನ್ನೊಬ್ಬನಿಗೆ ಕೊಡುವ ಲೆಕ್ಕಾಚಾರ ಬೀಡಿನಲ್ಲಿಯೇ ನಡೆಯುತ್ತಿತ್ತು. ಹಾಗೆ ಕೊಟ್ಟುದನ್ನು ಹಾಗೆಯೇ ಹಿಂತೆಗೆದುಕೊಳ್ಳಲೂ ಬರುತ್ತಿತ್ತು.

ಎರಡನೆಯ ಕೊಡುಗೆಯಾದ ಬಾಳ್ಗಚ್ಚು ಎಂಬ ಶಬ್ದವು ಸುಂದರವಾದುದು. ಬಾಳ್ ಎಂದರೆ ಕತ್ತಿ. ಕರ್ಚು ಅಥವಾ ಕೞ್ಚು ಎಂದರೆ ತೊಳೆ. ವೀರನ ಕತ್ತಿಯನ್ನು ತೊಳೆದು ಕೊಟ್ಟ ಭೂಮಿ ಎಂದು ಇದರ ಅರ್ಥ. ದಾನಶಾಸನಗಳಲ್ಲಿ ಬ್ರಾಹ್ಮಣನ ಅಥವಾ ತಪಸ್ವಿಯ ಕಾಲನ್ನು ತೊಳೆದು ಭೂಮಿಯನ್ನು ಧಾರೆಯೆರೆಯುವ ಪದ್ಧತಿಯನ್ನು ನಾವು ಪದೇ ಪದೇ ಕಾಣುತ್ತೇವೆ. ವೀರನ ವಿಷಯದಲ್ಲಿ ಪಾದದ ಸ್ಥಾನವನ್ನು ಕತ್ತಿಯು ಪಡೆದಿದೆ. ನೀರು ಒಂದೇ, ತೊಳೆಯುವ ವಸ್ತು ಬೇರೆ. ಮಣಲೆರನ ಕತ್ತಿಯನ್ನು ಹೀಗೆ ಗೌರವಿಸಿ ಹನ್ನೆರಡು ಊರುಗಳ ಒಂದು ಘಟಕವನ್ನು ಅವನಿಗೆ ಕೊಡಲಾಗಿತ್ತು. ಆದುದರಿಂದ ಕಾಳಿಯನ್ನು ಬೇಡಿದವನು ಬಡವನಾಗಲಿ ಭೂಮಿಯಿಲ್ಲದವನಾಗಲಿ ಆಗಿರಲಿಲ್ಲ. ಕವಿ ಪಂಪನಿಗೆ ಅರಿಕೇಸರಿಯು ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟುದು ಇದಕ್ಕೆ ಕೆಲವೇ ವರ್ಷಗಳ ಹಿಂದಿನ ಮಾತು. ಕತ್ತಿಗಾದರೂ ಕಾವ್ಯಕ್ಕಾದರೂ ಕಾಲದ ವಾಡಿಕೆಯ ಮೆಚ್ಚು ಭೂಮಿಯ ರೂಪದಲ್ಲಿಯೇ ಬರುತ್ತಿತ್ತು ಎಂಬುದಕ್ಕೆ ಇವೆರಡೂ ನಿದರ್ಶನಗಳು.

ಇಲ್ಲಿ ತಕ್ಕೋಲದ ಕಾಳಗದ ಬಗೆಗಿನ ಒಂದು ಹಳೆಯ ತಪ್ಪು ಕಲ್ಪನೆಯನ್ನೂ ಪ್ರಸ್ತಾಪಿಸುವುದು ಉಚಿತ; ಏಕೆಂದರೆ ಅದು ಕೊಡುಗೆಯ ನೈತಿಕ ಸ್ವರೂಪವನ್ನೇ ಬದಲಾಯಿಸುತ್ತಿತ್ತು. ಶಾಸನದಲ್ಲಿ ಬರುವ ‘ಬಿಸುಗೆ’ ಎಂಬ ಶಬ್ದಕ್ಕೆ ಫ್ಲೀಟ್ ಅವರು ಮೊದಲು ಅಪ್ಪುಗೆ ಎಂಬ ಅರ್ಥವನ್ನು ಮಾಡಿದರು. ಅದರಿಂದ ಬೂತುಗನು ರಾಜಾದಿತ್ಯನನ್ನು ಸ್ನೇಹದಿಂದ ಆಲಿಂಗಿಸಿಕೊಂಡು ಮೋಸದಿಂದ ಇರಿದನೆಂಬ ಕಥೆ ಹುಟ್ಟಿತು. ಬಿಸುಗೆ ಎಂದರೆ ಆನೆಯ ಬೆನ್ನ ಮೇಲಿನ ಪೀಠ. ಆ ಪೀಠವನ್ನೇ ಯುದ್ಧಭೂಮಿಯಾಗಿ ಮಾಡಿಕೊಂಡು ಸುರಗಿಯಿಂದ ಇರಿದು ಕೊಂದನೆಂಬುದು ಸರಿಯಾದ ಅರ್ಥ. ಫ್ಲೀಟ್ ಅವರೇ ಮುಂದೆ ತಿದ್ದಿಕೊಂಡರು. ಚೋಳರ ದಾಖಲೆಗಳು ರಾಜಾದಿತ್ಯನನ್ನು ಆನೆಯ ಮೇಲೆಯೇ ಮಡಿದ ಅರಸನೆಂದು ಸ್ಮರಿಸುವುದರಿಂದ ಎದುರು ಪಕ್ಷದ ಸಾಕ್ಷ್ಯವೂ ಇದಕ್ಕೆ ದೊರೆಯುತ್ತದೆ. ಒಂದು ಶಬ್ದದ ತಪ್ಪು ಅರ್ಥದಿಂದ ಗಂಗ ಅರಸನೊಬ್ಬನು ಕೆಲವು ಪುಸ್ತಕಗಳಲ್ಲಿ ಬಹುಕಾಲ ದ್ರೋಹಿಯಾಗಿ ಉಳಿದನು ಎಂಬುದು ಶಾಸನಗಳನ್ನು ಓದುವವರು ನೆನಪಿನಲ್ಲಿಡಬೇಕಾದ ಸಂಗತಿ. ಅವು ಮೋಸಕ್ಕೆ ಸಂದ ಬೆಲೆಯಲ್ಲ. ಬೂತುಗನಿಗೂ ಅವನ ಮುಂದೆ ನಿಂತ ಮಣಲೆರನಿಗೂ ಸಂದ ಕೊಡುಗೆಗಳು ಎದುರೆದುರಿನ ಕಾಳಗಕ್ಕೆ ಸಂದವು.

ಈಗ ನಾಯಿಯ ಕಡೆಗೆ ತಿರುಗಬಹುದು. ಮೆಚ್ಚಿದೆನು, ಬೇಡಿಕೊ ಎನ್ನುವ ರೂಢಿಯಲ್ಲಿ ಒಂದು ಜಾಣತನವಿದೆ. ಆಯ್ಕೆಯ ಭಾರವನ್ನು ಕೊಡುವವನು ಪಡೆಯುವವನ ಮೇಲೆ ಹೊರಿಸುತ್ತಾನೆ. ಬೇಡಿಕೆ ಅತಿಯಾದರೆ ಬೇಡಿದವನ ಲೋಭ ಬಯಲಾಗುತ್ತದೆ. ಅಲ್ಪವಾದರೆ ಅರಸನ ಮೆಚ್ಚನ್ನೇ ಅಲ್ಪಗೊಳಿಸಿದಂತಾಗುತ್ತದೆ. ಕಾಳಿಯನ್ನು ಬೇಡಿದ ಮಣಲೆರನು ಈ ಎರಡರಿಂದಲೂ ಪಾರಾಗಿದ್ದಾನೆ. ನಾಯಿಗೆ ರಾಜ್ಯದ ಲೆಕ್ಕದಲ್ಲಿ ಬೆಲೆಯಿಲ್ಲ. ಅರಸನ ಬೊಕ್ಕಸವೂ ನಾಡೂ ಅದರಿಂದ ಕಡಿಮೆಯಾಗುವುದಿಲ್ಲ. ಆದರೆ ಅರಸನು ತಾನು ಸಾಕಿದ, ತನ್ನೊಡನೆ ಬೇಟೆಯಾಡಿದ ಪ್ರಾಣಿಯನ್ನು ಬಿಟ್ಟುಕೊಡುವುದು ಸುಲಭದ ಮಾತಲ್ಲ. ಶಾಸನವು ನಾಯಿಯನ್ನು ಹೆಸರಿಟ್ಟು ಕರೆದಿದೆ. ಬೇಡಿದವನಿಗೆ ಆ ಹೆಸರು ಮೊದಲೇ ಗೊತ್ತಿತ್ತು. ಅವನು ಬೇಡಿದುದು ಯಾವುದೋ ಒಂದು ಒಳ್ಳೆಯ ಬೇಟೆನಾಯಿಯನ್ನಲ್ಲ, ಕಾಳಿಯನ್ನು. ಅದರ ಓಟವನ್ನೂ ಹಿಡಿತವನ್ನೂ ಅವನು ಯಾವಾಗಲಾದರೂ ಕಂಡಿರಲೇಬೇಕು. ದಂಡಿನ ಬೀಡಿನ ಸುತ್ತ ನಡೆದ ಬೇಟೆಗಳಲ್ಲಿ ಕಂಡಿದ್ದನೆಂದು ಊಹಿಸಲು ಅಡ್ಡಿಯಿಲ್ಲ.

ಬೇಟೆನಾಯಿಯ ಮಹತ್ತ್ವವನ್ನು ಇಂದಿನ ಓದುಗರು ಅಂದಿನ ದೃಷ್ಟಿಯಿಂದ ತಿಳಿಯಬೇಕಾಗುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅರಸನ ಇಪ್ಪತ್ತು ವಿನೋದಗಳನ್ನು ಹೇಳುವಾಗ ಮೃಗಯಾವಿನೋದವನ್ನೂ ಸಾರಮೇಯವಿನೋದವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಸಾರಮೇಯವೆಂದರೆ ನಾಯಿ. ಬೇಟೆಯೊಳಗೆ ಅಡಗಿಸಿಬಿಡಬಹುದಾಗಿದ್ದ ನಾಯಿಗೆ ಸ್ವತಂತ್ರ ಪ್ರಕರಣವನ್ನೇ ಮೀಸಲಿಟ್ಟಿರುವುದು ರಾಜನ ಮನೆಯಲ್ಲಿ ಅದಕ್ಕಿದ್ದ ಸ್ಥಾನವನ್ನು ಸೂಚಿಸುತ್ತದೆ. ಆ ಗ್ರಂಥ ಆತಕೂರಿಗಿಂತ ಸುಮಾರು 180 ವರ್ಷ ಈಚಿನದು. ಆದರೂ ಪರಂಪರೆ ಒಂದೇ. ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ ಬೇಂಟೆಯ ವರ್ಣನೆ ವಿಸ್ತಾರವಾಗಿದೆ. ಹಂದಿಯ ಬೇಟೆಯು ಇವೆಲ್ಲವುಗಳಲ್ಲಿ ಅಪಾಯಕರವಾದುದು. ಗಾಯಗೊಂಡ ಹಂದಿಯು ಓಡುವುದಕ್ಕಿಂತ ಹೆಚ್ಚಾಗಿ ತಿರುಗಿ ಬೀಳುತ್ತದೆ. ಅದರ ಕೋರೆಯ ಒಂದೇ ಹೊಡೆತ ನಾಯಿಯ ಹೊಟ್ಟೆಯನ್ನು ಸೀಳಬಲ್ಲದು. ಕಾಳಿಯು ಬಿಡದೆ ಹಿಡಿಯಿತು, ಹಂದಿಯೂ ಬಿಡಲಿಲ್ಲ. ಶಾಸನವು ಎರಡರ ಸಾವನ್ನೂ ಒಂದೇ ಕ್ರಿಯಾಪದದಲ್ಲಿ ಹೇಳಿ ಮುಗಿಸುತ್ತದೆ.

ಇದು ಮುಧೋಳದ ನಾಯಿಯ ಪೂರ್ವಜವೇ ಎಂದು ಕೇಳುವವರಿದ್ದಾರೆ. ಕಲ್ಲಿನ ಉಬ್ಬುಚಿತ್ರದಿಂದ ತಳಿಯನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಸಾವಿರ ವರ್ಷಗಳ ನಡುವಿನ ಅಂತರವನ್ನು ಅಭಿಮಾನದಿಂದ ತುಂಬಬಾರದು. ಆದರೆ ಕೊಡುಗೆಯ ದೃಷ್ಟಿಯಿಂದ ಒಂದು ಹೋಲಿಕೆ ಸ್ವಾರಸ್ಯಕರವಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ತಮ್ಮ ನಾಡಿನ ಬೇಟೆನಾಯಿಗಳ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರೆಂದು ಪ್ರತೀತಿ. ಆ ದೊರೆ 1911ರಲ್ಲಿ ನೇಪಾಳದ ತರಾಯಿಯಲ್ಲಿ ದೊಡ್ಡ ಪ್ರಮಾಣದ ಹುಲಿಬೇಟೆಯನ್ನಾಡಿದವನು. ಕೋವಿ, ಆನೆ, ಕಾಡು ಯಾವುದಕ್ಕೂ ಅವನಿಗೆ ಕೊರತೆಯಿರಲಿಲ್ಲ. ಅಂಥವನಿಗೆ ಸಣ್ಣ ಸಂಸ್ಥಾನವೊಂದು ಕೊಡಬಹುದಾದುದು ತನ್ನಲ್ಲಿ ಮಾತ್ರ ಇದ್ದ ಜೀವವನ್ನು. ಅಲ್ಲಿ ಕೊಡುಗೆ ಕೆಳಗಿನಿಂದ ಮೇಲಕ್ಕೆ ಹೋಯಿತು, ತಕ್ಕೋಲದಲ್ಲಿ ಮೇಲಿನಿಂದ ಕೆಳಕ್ಕೆ ಬಂದಿತ್ತು.

ಪ್ರಾಣಿಗೆ ಕಲ್ಲು ನೆಡುವುದು ಆತಕೂರಿನಲ್ಲಿಯೇ ಮೊದಲಾಯಿತೆಂದು ಹೇಳಲಾಗದು. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ಒಂದು ವೀರಗಲ್ಲಿದೆ. ಅದರಲ್ಲಿ ಮಡಿದ ವೀರನೊಡನೆ ಕೋವಿವನ್ ಎಂಬ ಅವನ ನಾಯಿಯನ್ನೂ ಹೆಸರಿಸಿ ಚಿತ್ರಿಸಲಾಗಿದೆ; ಕಳ್ಳರನ್ನು ಎದುರಿಸಿದ ನಾಯಿ ಅದು. ಎರಡನ್ನೂ ಹೋಲಿಸಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಎಡತ್ತನೂರಿನ ಕಲ್ಲು ಮನುಷ್ಯನದು, ನಾಯಿ ಅವನ ಜೊತೆಗಾರ. ಆತಕೂರಿನ ಕಲ್ಲು ನಾಯಿಯದು. ಮನುಷ್ಯರು, ಅವರಲ್ಲಿ ಒಬ್ಬ ಚಕ್ರವರ್ತಿಯೂ ಒಬ್ಬ ಗಂಗ ಅರಸನೂ ಸೇರಿದಂತೆ, ಅದರ ಹಿನ್ನೆಲೆಯನ್ನು ತಿಳಿಸಲು ಬಂದವರು. ಕಾಳಿ ಎಲ್ಲಿಂದ ಬಂದಿತು ಎಂಬುದನ್ನು ಹೇಳಬೇಕಾದರೆ ಮೆಚ್ಚನ್ನು ಹೇಳಬೇಕು. ಮೆಚ್ಚನ್ನು ಹೇಳಬೇಕಾದರೆ ಕಾಳಗವನ್ನು ಹೇಳಬೇಕು. ತಕ್ಕೋಲದ ಯುದ್ಧ ಈ ಕಲ್ಲಿನ ಮೇಲೆ ಬಂದುದು ಈ ಮಾರ್ಗದಿಂದ. ನಾಯಿಯು ಹಂದಿಯೊಡನೆ ಸಾಯದೆ ಮುದಿಯಾಗಿ ಸತ್ತಿದ್ದರೆ ಬೂತುಗನ ಬಿಸುಗೆಯ ಕಾಳಗದ ವಿವರವನ್ನು ನಾವು ಬಹುಶಃ ಕಳೆದುಕೊಳ್ಳುತ್ತಿದ್ದೆವು.

ಬಿಟ್ಟ ಭೂಮಿಯ ವಿಷಯ ಇನ್ನೂ ಕುತೂಹಲಕರ. ಹಿರಿಯ ಕೆರೆಯ ಕೆಳಗಿನದೆಂದ ಮೇಲೆ ಅದು ನೀರಾವರಿಯ ಗದ್ದೆ, ಊರಿನಲ್ಲಿ ಬೆಲೆಯುಳ್ಳ ನೆಲ. ಎರಡು ಖಂಡುಗ ಬೀಜ ಹಿಡಿಯುವ ಅಂಥ ನೆಲವನ್ನು ಸತ್ತ ನಾಯಿಯ ಕಲ್ಲಿನ ಪೂಜೆಗಾಗಿ ಬಿಡುವುದು ಒಬ್ಬನ ಖಾಸಗಿ ದುಃಖದಿಂದ ಆಗುವ ಕೆಲಸವಲ್ಲ. ಊರಿನ ಒಕ್ಕಲು, ಊರನ್ನಾಳುವವನು, ನಾಡನ್ನಾಳುವವನು ಎಲ್ಲರೂ ಅದನ್ನು ಒಪ್ಪಿ ನಡೆಸಬೇಕಾಗಿತ್ತು. ಶಾಪಾಶಯವು ಇವರನ್ನೇ ಉದ್ದೇಶಿಸಿದೆ. ಸಾಮಾನ್ಯವಾಗಿ ದಾನವನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ಬರುವುದೆಂದು ಶಾಸನಗಳು ಹೇಳುತ್ತವೆ. ಇಲ್ಲಿ ವಾರಣಾಸಿಯಿಲ್ಲ, ಕವಿಲೆಯಿಲ್ಲ. ಅಳಿದವನಿಗೆ ಬರುವುದು ನಾಯಿಯ ಪಾಪ. ನಾಯಿಯು ಮಾಡಿದ ಪಾಪವೆಂದೋ ನಾಯಿಗೆ ಎಸಗಿದ ಪಾಪವೆಂದೋ ಅದನ್ನು ಅರ್ಥೈಸಬಹುದು. ಮೊದಲನೆಯದಾದರೆ ಹಂದಿಯನ್ನು ಕೊಂದ ಹಿಂಸೆಯ ಹೊರೆ ದಾನವನ್ನು ಕೆಡಿಸಿದವನ ಮೇಲೆ ಬೀಳುತ್ತದೆ. ಎರಡನೆಯದಾದರೆ ಕಾಳಿಯ ಸಾವಿನ ಹೊಣೆ ಅವನದಾಗುತ್ತದೆ. ಜೈನಧರ್ಮಕ್ಕೆ ಆಶ್ರಯವಿತ್ತ ಗಂಗರ ನಾಡಿನಲ್ಲಿ, ಬೇಟೆಯನ್ನು ಕುರಿತ ಶಾಸನದಲ್ಲಿ, ಮೊದಲ ಅರ್ಥಕ್ಕೆ ಒಂದು ವಿಶೇಷ ಧ್ವನಿಯಿದೆ. ನಾವು ಅದರ ಕಡೆಗೇ ಒಲಿಯುತ್ತೇವೆ: ಬೇಟೆಯನ್ನು ಹೊಗಳುವ ಕಲ್ಲಿನ ಮೇಲೆಯೇ ಬೇಟೆಯಲ್ಲಿ ಪಾಪವಿದೆ ಎಂಬ ಅರಿವೂ ಉಳಿದಿರಬಹುದು.

ಇನ್ನೊಂದು ವಿಧಿಯು ದೇವಾಲಯದ ಸ್ಥಾನವನ್ನು ನೋಡಿಕೊಳ್ಳುವ ಗೊರವನಿಗೆ ಸಂಬಂಧಿಸಿದೆ. ಗೊರವನೆಂದರೆ ಅಂದಿನ ಶೈವ ಪೂಜಾರಿ. ಮುಂದಿನ ಕಾಲದ ಮೈಲಾರನ ಗೊರವರು ನಾಯಿಯಂತೆ ವರ್ತಿಸುವ ಆಚರಣೆಯನ್ನು ಇದರೊಡನೆ ಜೋಡಿಸುವ ಆಸೆ ಯಾರಿಗಾದರೂ ಬರುವುದು ಸಹಜ. ಎರಡರ ನಡುವೆ ಕೊಂಡಿಯಾಗುವ ಆಧಾರ ಈ ಶಾಸನದಲ್ಲಿ ಇಲ್ಲ. ಆದುದರಿಂದ ಆ ದಾರಿಯನ್ನು ಬಿಟ್ಟಿದ್ದೇವೆ. ಶಾಸನವು ಗೊರವನಿಗೆ ವಿಧಿಸುವುದು ಸರಳವಾದ ನಿತ್ಯಕರ್ಮವನ್ನು. ಆ ಕಲ್ಲನ್ನು ಪೂಜಿಸದೆ ಅವನು ಊಟ ಮಾಡಿದರೆ ನಾಯಿಯ ಪಾಪ ಅವನಿಗೂ ತಗಲುತ್ತದೆ. ಚಲ್ಲೇಶ್ವರನ ಮುಂದೆ ನಿಂತಿದ್ದ ಕಲ್ಲನ್ನು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ.